ಗರ್ಭಕೋಶ ಜಾರಿದಾಗ: ಒಬ್ಬ ಜೀವಶಾಸ್ತ್ರ ಶಿಕ್ಷಕಿಯ ಅನುಭವ

ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು 29 ವರ್ಷ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕಿಯಾಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಅಂಗಾಂಶಗಳ ಪಾಠ ಬಂದಾಗ, ಮೂಳೆಗೆ ಮೂಳೆಯನ್ನು ಕಟ್ಟುವುದು ಅಸ್ಥಿರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು, ಎರಡಂಕದ ಪ್ರಶ್ನೆಗೆ ಇಷ್ಟು ಸಾಕು ಎಂದು ಹೇಳಿ ಪುಟ ತಿರುಗಿಸುತ್ತಿದ್ದೆ. ಹೆಂಗಸಿನ ಗರ್ಭಕೋಶ, ಮೂತ್ರಕೋಶ, ಮಲಾಶಯಗಳನ್ನು ಅವುಗಳ ಜಾಗದಲ್ಲಿ ಹಿಡಿದಿಟ್ಟಿರುವುದೂ ಇದೇ ಜಾತಿಯ ಸಂಯೋಜಕ ಅಂಗಾಂಶ ಎಂಬ ಮಾತು ನಾನು ಕಲಿಸಿದ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಸೇರಿಸಿ ಹೇಳಬೇಕೆಂದು ನನಗೂ ತೋಚಿರಲಿಲ್ಲ.

ತೋಚಿದ್ದು ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ಆಟಿ ತಿಂಗಳ ಒಂದು ಬೆಳಿಗ್ಗೆ, ಬಚ್ಚಲಿನಲ್ಲಿ. ಹಿಂದಿನ ದಿನ ಗಾಳಿಮಳೆಗೆ ಕರೆಂಟು ಹೋಗಿ ಪಂಪು ನಿಂತಿದ್ದರಿಂದ ಬಾವಿಯಿಂದ ಹತ್ತು ಹನ್ನೆರಡು ಕೊಡಪಾನ ನೀರು ಸೇದಿದ್ದೆ. ಸ್ನಾನಕ್ಕೆಂದು ಕುಕ್ಕರುಗಾಲಿನಲ್ಲಿ ಕುಳಿತಾಗ ಯೋನಿಯ ಬಾಯಲ್ಲಿ ನುಣುಪಾದ ಏನೋ ಒಂದು, ಲಿಂಬೆಹಣ್ಣಿನಷ್ಟು ದೊಡ್ಡದು, ಕೈಗೆ ತಗಲಿತು. ನೋವಿರಲಿಲ್ಲ. ಎದ್ದು ನಿಂತು, ಮಲಗಿ ನೋಡಿದರೆ ಅದು ಒಳಗೆ ಹೋಗಿತ್ತು. ಸಂಜೆಯ ಹೊತ್ತಿಗೆ ಮತ್ತೆ ಬಂದಿತ್ತು. ಜೀವಶಾಸ್ತ್ರ ಕಲಿಸುವ ನಾನು ಆ ದಿನ ಅದನ್ನು ಗಡ್ಡೆ ಎಂದುಕೊಂಡೆ, ಕ್ಯಾನ್ಸರ್ ಎಂದುಕೊಂಡೆ, ಏಳು ತಿಂಗಳು ಯಾರಿಗೂ ಹೇಳದೆ ಕಳೆದೆ. ಬೋರ್ಡಿನ ಮುಂದೆ ಸತತ ಮೂರು ಪೀರಿಯಡ್ ನಿಂತ ದಿನ ಕೆಳಗೆ ಎಳೆದಂತಾಗುವುದು, ಮೂತ್ರ ಪೂರ್ತಿ ಹೋಗದೆ ಹತ್ತು ನಿಮಿಷಕ್ಕೆ ಮತ್ತೆ ಅವಸರವಾಗುವುದು, ಸೊಂಟದ ಹಿಂಭಾಗದಲ್ಲಿ ಭಾರ, ಇವೆಲ್ಲ ವಯಸ್ಸಿನದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಮೊದಲು ಹೋದ ಒಂದು ಕಡೆ ಎರಡೇ ನಿಮಿಷ ನೋಡಿ, "ಗರ್ಭಕೋಶ ಜಾರಿದೆ, ಇನ್ನು ಅದರಿಂದ ಏನು ಉಪಯೋಗ, ತೆಗೆದುಬಿಡುವ" ಎಂದರು. ಗರ್ಭಕೋಶ ತೆಗೆದರೆ ಜಾರುವ ಸಮಸ್ಯೆಯೂ ಅದರೊಂದಿಗೇ ಹೋಗುತ್ತದೆ ಎಂಬ ಅರ್ಥದ ಆ ಮಾತು ತಪ್ಪು ಎಂಬುದು ನನಗೆ ಆಮೇಲೆ ತಿಳಿಯಿತು. ಜಾರುವುದು ಗರ್ಭಕೋಶದ ದೋಷವಲ್ಲ, ಅದನ್ನು ಹಿಡಿದಿರುವ ಕಟ್ಟುಗಳ ದೋಷ. ಕಟ್ಟನ್ನು ಸರಿಪಡಿಸದೆ ಗರ್ಭಕೋಶವನ್ನಷ್ಟೇ ತೆಗೆದರೆ, ಉಳಿದ ಯೋನಿಯ ತುದಿಯೇ ಕೆಲವು ವರ್ಷಗಳಲ್ಲಿ ಒಳಮಗುಚಿ ಕೆಳಗೆ ಬರಬಹುದು.

ಈ ವ್ಯತ್ಯಾಸವನ್ನು ವಿವರಿಸಿದವರು ನಾನು ಎರಡನೆಯದಾಗಿ ಕಂಡ ವೈದ್ಯೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನನ್ನ ಕೆಲಸ ತಿಳಿದ ಮೇಲೆ ಕೊನೆಯವರೆಗೂ "ಟೀಚರೇ" ಎಂದೇ ಕರೆದರು. ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿ, ಕೆಮ್ಮಲು, ಮುಕ್ಕಲು ಹೇಳಿ, ಸೆಂಟಿಮೀಟರ್ ಗುರುತಿರುವ ಕಡ್ಡಿಯೊಂದರಿಂದ ಒಂಬತ್ತು ಅಳತೆಗಳನ್ನು ತೆಗೆದರು. ಅವರು ಹೇಳಿದ ಸಂಖ್ಯೆಗಳನ್ನು ನರ್ಸ್ ಮೂರು ಸಾಲು, ಮೂರು ಕಂಬದ ಚೌಕದಲ್ಲಿ ಬರೆದುಕೊಂಡರು. ಈ ಕ್ರಮಕ್ಕೆ ಪಿಒಪಿ-ಕ್ಯೂ ಎಂದು ಹೆಸರು. 1996ರಲ್ಲಿ ಪ್ರಕಟವಾದ ಈ ಲೆಕ್ಕ ಈಗ ಜಗತ್ತಿನ ಹಲವು ಕಡೆ ಬಳಕೆಯಲ್ಲಿದೆ. ಯೋನಿದ್ವಾರದ ಕನ್ಯಾಪೊರೆಯ ಮಟ್ಟವೇ ಸೊನ್ನೆ; ಅದಕ್ಕಿಂತ ಒಳಗಿದ್ದರೆ ಮೈನಸ್, ಹೊರಗೆ ಬಂದರೆ ಪ್ಲಸ್. ನನ್ನ ಯೋನಿಯ ಮುಂದಿನ ಗೋಡೆ, ಎಂದರೆ ಮೂತ್ರಕೋಶವನ್ನು ಹೊತ್ತಿರುವ ಗೋಡೆ, ಪ್ಲಸ್ 1ರಲ್ಲಿತ್ತು. ಗರ್ಭಕೋಶದ ಕೊರಳು ಮೈನಸ್ 1ರಲ್ಲಿ. ಒಟ್ಟಿನಲ್ಲಿ ಎರಡನೆಯ ಹಂತ. ಏಳು ತಿಂಗಳು ಹೆಸರಿಲ್ಲದೆ ಹೆದರಿಸಿದ್ದು ಸಂಖ್ಯಾರೇಖೆಯ ಮೇಲಿನ ಒಂದು ಬಿಂದುವಾಗಿ ಕಂಡಾಗ ನನಗೆ ಆದ ನಿರಾಳ ಅಷ್ಟಿಷ್ಟಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರವೆನಿಸಿದವು. ಹೆರಿಗೆ ಎಷ್ಟು, ಮಗುವಿನ ತೂಕ ಎಷ್ಟು, ಇಕ್ಕಳ ಹಾಕಿದ್ದರೇ, ಮುಟ್ಟು ನಿಂತದ್ದು ಯಾವಾಗ, ಮಲಬದ್ಧತೆ ಇದೆಯೇ, ಇವು ಸರಿ. ಮೊದಲ ಹೆರಿಗೆಯಲ್ಲಿ ಇಕ್ಕಳ ಹಾಕಿ 3.8 ಕಿಲೋ ಮಗುವನ್ನು ತೆಗೆದಿದ್ದರು. ಮುಟ್ಟು ನಿಂತು ಎಂಟು ವರ್ಷವಾಗಿತ್ತು. ಆದರೆ ಮನೆಯಲ್ಲಿ ಯಾರಿಗಾದರೂ ಹರ್ನಿಯಾ ಆಗಿದೆಯೇ, ನಿಮ್ಮ ಹೆಬ್ಬೆರಳು ಮುಂಗೈಗೆ ಮುಟ್ಟುತ್ತದೆಯೇ ಎಂದೂ ಕೇಳಿದರು. ಮುಟ್ಟುತ್ತದೆ. ತರಗತಿಯಲ್ಲಿ ಕೀಲುಗಳ ಪಾಠಕ್ಕೆ ಮಕ್ಕಳನ್ನು ನಗಿಸಲು ನಾನೇ ಅದನ್ನು ಮಾಡಿ ತೋರಿಸುತ್ತಿದ್ದೆ. ಮೇಜಿನ ಮೇಲೆ ಕೈಯಿಟ್ಟು ಅಲ್ಲಿಯೂ ತೋರಿಸಿದೆ. "ಕೀಲು ಸಡಿಲ ಇರುವವರಲ್ಲಿ, ಹರ್ನಿಯಾ ಆದವರಲ್ಲಿ ಇದು ಹೆಚ್ಚು ಕಾಣುತ್ತದೆ, ಟೀಚರೇ. ನೂಲು ಒಂದೇ ಅಲ್ಲವೇ" ಎಂದರು. ತಾಯಿಗೋ ಅಕ್ಕತಂಗಿಯರಿಗೋ ಜಾರಿದ್ದರೆ ಮಗಳಿಗೆ ಜಾರುವ ಸಂಭವ ಎರಡು ಪಟ್ಟಿಗೂ ಹೆಚ್ಚು ಎಂದು ಹೇಳಿ, "ಅಮ್ಮನಿಗೆ ಇತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಇಲ್ಲವೆಂದೇ ನಾನು ನಂಬಿದ್ದೆ.

ಅವರು ಕೊಟ್ಟ ಚಿತ್ರಣ ಮಲ್ಪೆ ಬಂದರಿನದು. ಧಕ್ಕೆಯಲ್ಲಿ ನಿಂತ ಬೋಟಿನ ಭಾರವನ್ನು ಹೊರುವುದು ಹಗ್ಗವಲ್ಲ, ಅಡಿಯ ನೀರು. ಹಗ್ಗ ಬೋಟನ್ನು ಆಚೀಚೆ ಹೋಗದಂತೆ ಹಿಡಿಯುತ್ತದೆ ಅಷ್ಟೆ. ಕಿಬ್ಬೊಟ್ಟೆಯ ಅಡಿಯಲ್ಲಿ ತೊಟ್ಟಿಲ ಬಟ್ಟೆಯಂತೆ ಹರಡಿರುವ ಲಿವೇಟರ್ ಸ್ನಾಯುವೇ ಆ ನೀರು. ಹೆರಿಗೆಯಲ್ಲಿ, ಅದರಲ್ಲೂ ಇಕ್ಕಳದ ಹೆರಿಗೆಯಲ್ಲಿ, ಈ ಸ್ನಾಯು ಮೂಳೆಯಿಂದ ಕಿತ್ತುಬರುವುದುಂಟು. ಆಗ ನೀರಿಳಿದ ಬಂದರಿನಂತೆ ಇಡೀ ಭಾರ ಹಗ್ಗಗಳ ಮೇಲೆ ಬೀಳುತ್ತದೆ. ಗಟ್ಟಿ ಹಗ್ಗವಾದರೆ ಐವತ್ತು ವರ್ಷ ತಡೆದೀತು, ಹುರಿ ಸಡಿಲವಾದದ್ದು ತಡೆಯದು. ಒಂದೇ ಬಗೆಯ ಹೆರಿಗೆಯಾದ ಇಬ್ಬರು ಹೆಂಗಸರಲ್ಲಿ ಒಬ್ಬಳಿಗೆ ಜಾರಿ ಇನ್ನೊಬ್ಬಳಿಗೆ ಏನೂ ಆಗದಿರುವುದಕ್ಕೆ ಈ ಹಗ್ಗದ ಗುಣವೂ ಒಂದು ಕಾರಣ.

ಹಗ್ಗ ಎಂದ ಕೂಡಲೇ ನನಗೆ ನೆನಪಾದದ್ದು ಜಗಲಿಯಲ್ಲಿ ಕುಳಿತು ತೆಂಗಿನ ನಾರು ಹೊಸೆಯುತ್ತಿದ್ದ ಅಪ್ಪ. ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ಹುರಿಗೊಳಿಸಿ, ಆಮೇಲೆ ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ತಿರುಚಿ ಬಾವಿಯ ಬಳ್ಳಿ ಮಾಡುತ್ತಿದ್ದರು. ಹಾಗೆ ಮಾಡಿದರೆ ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯೂ ಅಕ್ಷರಶಃ ಅದೇ. ಒಂದೊಂದು ಸರಪಳಿ ಎಡಕ್ಕೆ ತಿರುಚಿಕೊಂಡಿರುತ್ತದೆ, ಮೂರು ಸೇರಿದ ಹುರಿ ಬಲಕ್ಕೆ. ಪ್ರತಿ ಮೂರನೆಯ ಜಾಗದಲ್ಲಿ ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಗ್ಲೈಸಿನ್ ಇರಲೇಬೇಕು, ಹುರಿಯ ಒಳಗಡೆ ಬೇರೆ ಯಾವುದಕ್ಕೂ ಜಾಗವಿಲ್ಲ. ಈ ಮೂರೆಳೆಯ ವಿನ್ಯಾಸವನ್ನು 1954ರಲ್ಲಿ ಮೊದಲು ಮುಂದಿಟ್ಟವರು ಮದರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಡಿಎನ್ಎಯ ಎರಡೆಳೆಯ ಕಥೆಯನ್ನು ವರ್ಷವರ್ಷವೂ ಹೇಳಿದ ನಾನು ಪಕ್ಕದ ರಾಜ್ಯದ ಈ ಮೂರೆಳೆಯ ಕಥೆಯನ್ನು ಒಮ್ಮೆಯೂ ಹೇಳಿರಲಿಲ್ಲ. ಈ ಬೇಸರ ಕಾಯಿಲೆಗೆ ಸಂಬಂಧಿಸಿದ್ದಲ್ಲ, ಆದರೂ ಬರೆದಿಡುತ್ತೇನೆ.

ಎಲ್ಲ ಕೊಲಾಜೆನ್ ಒಂದೇ ಅಲ್ಲ. ಒಂದನೆಯ ಬಗೆಯದು ದಪ್ಪ ಹಗ್ಗ, ಎಳೆತಕ್ಕೆ ಬಗ್ಗದು. ಮೂರನೆಯ ಬಗೆಯದು ಸಪೂರ, ಬಳುಕುವಂಥದ್ದು. ಯೋನಿಯ ಗೋಡೆಯಲ್ಲಿ ಎರಡೂ ಬೇಕು, ಹೆರಿಗೆಯಲ್ಲಿ ಅಷ್ಟು ಹಿಗ್ಗಿ ಮತ್ತೆ ಮೊದಲಿನಂತಾಗಬೇಕಲ್ಲ. ಗರ್ಭಕೋಶ ಜಾರಿದವರಿಂದ ತೆಗೆದ ಅಂಗಾಂಶದ ಹಲವು ಅಧ್ಯಯನಗಳಲ್ಲಿ ಒಂದನೆಯದಕ್ಕೆ ಹೋಲಿಸಿದರೆ ಮೂರನೆಯದರ ಪಾಲು ಹೆಚ್ಚಿರುವುದು ಕಂಡಿದೆ. ಹಳೆಯ ಹಗ್ಗವನ್ನು ಕತ್ತರಿಸಿ ಹೊಸದಕ್ಕೆ ಜಾಗ ಮಾಡುವ ಮ್ಯಾಟ್ರಿಕ್ಸ್ ಮೆಟಲ್ಲೊಪ್ರೋಟಿಯೇಸ್ ಎಂಬ ಕಿಣ್ವಗಳೂ ಕೆಲವರಲ್ಲಿ ಹೆಚ್ಚು ಚುರುಕಾಗಿರುತ್ತವೆ. ಹೊಸೆಯುವ ವೇಗಕ್ಕಿಂತ ಕತ್ತರಿಸುವ ವೇಗ ಹೆಚ್ಚಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಇನ್ನೊಂದು ಇಲಾಸ್ಟಿನ್, ರಬ್ಬರಿನಂತೆ ಎಳೆದು ಬಿಟ್ಟರೆ ಹಿಂದಕ್ಕೆ ಬರುವ ಪ್ರೋಟೀನು. ಶ್ವಾಸಕೋಶದಲ್ಲಿ, ರಕ್ತನಾಳದಲ್ಲಿ ಇದು ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ತಯಾರಾಗಿ ಜೀವಮಾನವಿಡೀ ಅದೇ ಉಳಿಯುತ್ತದೆ. ಆದರೆ ಹೆಣ್ಣಿನ ಜನನಾಂಗದಲ್ಲಿ ಮಾತ್ರ ಪ್ರತಿ ಹೆರಿಗೆಯ ನಂತರ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯಲು ಲೈಸಿಲ್ ಆಕ್ಸಿಡೇಸ್ ಕುಟುಂಬದ ಕಿಣ್ವಗಳು ಬೇಕು, ಎಳೆಗಳನ್ನು ಜೋಡಿಸಿಡಲು ಫೈಬುಲಿನ್-5 ಎಂಬ ಇನ್ನೊಂದು ಪ್ರೋಟೀನು ಬೇಕು. ಆ ಕುಟುಂಬದ ಒಂದು ಕಿಣ್ವವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಮರಿ ಹಾಕಿದ ಮೇಲೆ ಜಾರುವುದನ್ನು 2004ರಲ್ಲಿ ವಿಜ್ಞಾನಿಗಳು ತೋರಿಸಿದರು; ಫೈಬುಲಿನ್-5 ಇಲ್ಲದ ಇಲಿಗಳಿಗೂ ಹಾಗೆಯೇ. ನಾಲ್ಕು ಕಾಲಿನ ಪ್ರಾಣಿ, ಕೊಡಪಾನ ಹೊತ್ತದ್ದಿಲ್ಲ, ಬಾಣಂತನ ತಪ್ಪಿಸಿದ್ದಿಲ್ಲ. ಇದನ್ನು ಕೇಳಿ ನಾನು ವೈದ್ಯೆಯ ಎದುರಿಗೇ ನಕ್ಕುಬಿಟ್ಟೆ. ಆದರೆ ಇಲಿಯ ಮಾತನ್ನು ಹಾಗೇ ಮನುಷ್ಯರಿಗೆ ಒಪ್ಪಿಸಬಾರದೆಂದು ಅವರೇ ಎಚ್ಚರಿಸಿದರು: ನಮ್ಮಲ್ಲಿ ಅಂಗಾಂಶವನ್ನು ಪರೀಕ್ಷಿಸುವುದು ಜಾರಿದ ಮೇಲೆ, ಬದಲಾವಣೆಯಿಂದ ಜಾರಿತೋ, ಜಾರಿ ವರ್ಷಗಟ್ಟಲೆ ಎಳೆದದ್ದರಿಂದ ಬದಲಾಯಿತೋ ಎಂದು ಆ ಚೂರನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ.

ನಗು ಬಂದದ್ದಕ್ಕೆ ಕಾರಣವಿತ್ತು. ಮೊದಲ ಹೆರಿಗೆಯಾಗಿ ಮೂವತ್ತೆರಡನೆಯ ದಿನ ಅತ್ತೆಗೆ ಜ್ವರ ಬಂದು ನಾನು ಬಾವಿಗೆ ಹೋಗಿದ್ದೆ. ಆಪರೇಷನ್ನಿನ ಸುದ್ದಿ ತಿಳಿದಾಗ ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಹಿಂದಿನ ಆ ದಿನವನ್ನು ಹೆಕ್ಕಿ ತೆಗೆದು, "ಬಾಣಂತಿ ಹೊಟ್ಟೆಗೆ ಬಟ್ಟೆ ಕಟ್ಟದೆ ನೀರು ಸೇದಿದರೆ ಮತ್ತೆಂತ ಆಗುವುದು" ಎಂದಿದ್ದರು. ಭಾರ ಹೊರುವುದು, ಹಳೆಯ ಕೆಮ್ಮು, ಮಲಬದ್ಧತೆಯಲ್ಲಿ ಮುಕ್ಕುವುದು, ಇವು ಜಾರಿದ್ದನ್ನು ಹೆಚ್ಚಿಸುವುದು ನಿಜ. ಆದರೆ ಒಂದು ದಿನದ ಒಂದು ಕೊಡಪಾನದ ಮೇಲೆ ಎಲ್ಲವನ್ನೂ ಹೊರಿಸುವುದು, ಹೆಂಗಸು ತನ್ನ ಮೈಯನ್ನು ತಾನೇ ಕೆಡಿಸಿಕೊಂಡಳು ಎಂದು ಹೇಳುವ ಸುಲಭದ ದಾರಿ.

ಚಿಕಿತ್ಸೆ ಕೆಗೆಲ್ ವ್ಯಾಯಾಮದಿಂದ ಮೊದಲಾಯಿತು: ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನಿಂದ ಮೇಲಕ್ಕೆ ಬಿಗಿಹಿಡಿದು ಎಂಟು ಹತ್ತು ಸೆಕೆಂಡು ನಿಲ್ಲಿಸುವುದು, ದಿನಕ್ಕೆ ಮೂರು ಹೊತ್ತು. ನಾನು ಮೊದಲ ತಿಂಗಳು ಹೊಟ್ಟೆಯನ್ನೂ ತೊಡೆಯನ್ನೂ ಬಿಗಿಹಿಡಿಯುತ್ತಿದ್ದೆನೇ ಹೊರತು ಬೇಕಾದ ಸ್ನಾಯುವನ್ನಲ್ಲ. ಫಿಸಿಯೋಥೆರಪಿಯವರು ಕೈಯಿಟ್ಟು ತಿದ್ದಿದ ಮೇಲೆ ಸರಿಯಾಯಿತು. ಭಾರ ಕಡಿಮೆಯಾಯಿತು, ಅವಸರ ಕಡಿಮೆಯಾಯಿತು, ಪ್ಲಸ್ 1 ಪ್ಲಸ್ 1ರಲ್ಲೇ ಉಳಿಯಿತು. ಮುಟ್ಟು ನಿಂತ ಮೇಲೆ ತೆಳುವಾದ ಪದರಕ್ಕೆ ಈಸ್ಟ್ರೋಜನ್ ಕ್ರೀಮನ್ನು ವಾರಕ್ಕೆ ಎರಡು ರಾತ್ರಿ ಹಚ್ಚಲು ಕೊಟ್ಟರು. ಇದೇ ಸಮಯದಲ್ಲಿ ನಮ್ಮವರು ಮೆಡಿಕಲ್ ಶಾಪಿನಿಂದ ದುಬಾರಿ ಕೊಲಾಜೆನ್ ಪುಡಿಯ ಡಬ್ಬಿಯೊಂದನ್ನು ತಂದರು, ಪ್ರೀತಿಯಿಂದಲೇ. ತಿಂದ ಕೊಲಾಜೆನ್ ಹೊಟ್ಟೆಯಲ್ಲಿ ಬೇಳೆ, ಮೀನಿನ ಪ್ರೋಟೀನಿನಂತೆಯೇ ಚೂರಾಗುತ್ತದೆ, ನೇರವಾಗಿ ಹೋಗಿ ಗರ್ಭಕೋಶದ ಕಟ್ಟಿಗೆ ಅಂಟಿಕೊಳ್ಳುವುದಿಲ್ಲ ಎಂದು ಪಾಠ ಮಾಡಿದೆ. ಕೊಲಾಜೆನ್ ಹೊಸೆಯುವ ಕಿಣ್ವಕ್ಕೆ ಸಿ ವಿಟಮಿನ್ ಬೇಕೆಂಬುದು ನಿಜ, ಅದಕ್ಕೆ ನೆಲ್ಲಿಕಾಯಿ ಸಾಕು.

ಆರು ತಿಂಗಳ ನಂತರ ರಿಂಗ್ ಹಾಕಿದರು. ಮಡಚಿ ಒಳಗಿಟ್ಟರೆ ಅರಳಿ ನಿಲ್ಲುವ ಮೆತ್ತನೆಯ ಸಿಲಿಕೋನ್ ಬಳೆ ಅದು. ಗರ್ಭಕೋಶವನ್ನೂ ಮೂತ್ರಕೋಶವನ್ನೂ ಮೇಲಕ್ಕೆ ತಡೆದು ಹಿಡಿಯುತ್ತದೆ. ಮೊದಲ ನಾಲ್ಕು ತಿಂಗಳು ನನಗೆ ಜಾರಿದ್ದೇ ಮರೆತುಹೋಗಿತ್ತು. ಕಾರ್ಕಳದಲ್ಲಿ ಒಂದು ಮದುವೆಗೆ ಹೋದಾಗ, ಮದುವೆ ಮಂಟಪದ ಭಾರತೀಯ ಶೈಲಿಯ ಶೌಚಾಲಯದಲ್ಲಿ ಕುಳಿತು ಮುಕ್ಕಿದ ಹೊತ್ತಿಗೆ ಅದು ಟಪ್ಪೆಂದು ಹೊರಬಿತ್ತು. ರೇಷ್ಮೆ ಸೀರೆಯುಟ್ಟು, ಹೊರಗೆ ಇಬ್ಬರು ಬಾಗಿಲು ತಟ್ಟುತ್ತಿರುವಾಗ, ಅದನ್ನು ತೊಳೆದು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡು ಬಂದು ಊಟದ ಪಂಕ್ತಿಯಲ್ಲಿ ಕುಳಿತೆ. ಆಮೇಲೆ ದೊಡ್ಡ ಅಳತೆಯದನ್ನು ಹಾಕಿದರೆ ಅದು ಹಿಂದಿನ ಗೋಡೆಯನ್ನು ಒತ್ತಿ ಹುಣ್ಣು ಮಾಡಿತು. ತೆಗೆದು, ಕ್ರೀಮು ಹಚ್ಚಿ, ವಾಸಿಯಾಗುವ ಹೊತ್ತಿಗೆ ಅಳತೆ ಬದಲಾಗಿತ್ತು: ಮುಂದಿನ ಗೋಡೆ ಪ್ಲಸ್ 3, ಕೊರಳು ಪ್ಲಸ್ 2. ಮೂರನೆಯ ಹಂತ.

ಶಸ್ತ್ರಚಿಕಿತ್ಸೆಯ ಮಾತು ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಸಡಿಲ ಹಗ್ಗವನ್ನೇ ಮತ್ತೆ ಬಿಗಿದು ಕಟ್ಟಿದರೆ ಅದು ಎಷ್ಟು ದಿನ ಬಂದೀತು? ಅವರು ಮುಚ್ಚಿಡಲಿಲ್ಲ. ಅಮೆರಿಕದ ಒರೆಗಾನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಲೆಕ್ಕದಂತೆ, ಜಾರಿದ್ದಕ್ಕೋ ಮೂತ್ರ ಸೋರುವುದಕ್ಕೋ ಆಪರೇಷನ್ ಆದವರಲ್ಲಿ ಶೇ 29ರಷ್ಟು ಮಂದಿಯದು ಮತ್ತೊಮ್ಮೆ ಮಾಡಿಸಿಕೊಂಡದ್ದಾಗಿತ್ತು. ಹಗ್ಗವನ್ನು ನಂಬದೆ ಪ್ಲಾಸ್ಟಿಕ್ ಜಾಲರಿಯನ್ನು ಯೋನಿಯ ಮೂಲಕ ಹಾಕುವ ಪದ್ಧತಿ ಬಂದಿತ್ತು. ಜಾಲರಿ ಗೋಡೆಯನ್ನು ಕೊರೆದು ಹೊರಬಂದ, ನೋವು ಬಿಡದ ಪ್ರಕರಣಗಳು ಹೆಚ್ಚಿ, 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಮಾರಾಟವನ್ನು ನಿಲ್ಲಿಸಿತು. ಹೊಟ್ಟೆಯ ಕಡೆಯಿಂದ ಜಾಲರಿ ಕಟ್ಟುವ ಕ್ರಮ ಈಗಲೂ ಇದೆ. ಮಕ್ಕಳಾಗಬೇಕಾದ ಎಳೆಯ ಹೆಂಗಸರಿಗೆ ಗರ್ಭಕೋಶ ಉಳಿಸಿ ಮೇಲಕ್ಕೆ ಬಿಗಿಯುವ ವಿಧಾನಗಳನ್ನು ಮುಂಬಯಿಯ ಶಿರೋಡ್ಕರ್, ಪುರಂದರೆ ಎಂಬ ವೈದ್ಯರು ಹಿಂದೆಯೇ ರೂಪಿಸಿದ್ದರಂತೆ. ನನ್ನ ಮಟ್ಟಿಗೆ ಅವರು ಸೂಚಿಸಿದ್ದು, ಯೋನಿಯ ಮೂಲಕವೇ ಗರ್ಭಕೋಶ ತೆಗೆದು, ತುದಿಯನ್ನು ಅದರ ಸೋತ ಕಟ್ಟುಗಳಿಗೆ ಬಿಡದೆ, ಬಲಗಡೆಯ ಸೇಕ್ರೊಸ್ಪೈನಸ್ ಎಂಬ ಗಟ್ಟಿ ಅಸ್ಥಿರಜ್ಜುವಿಗೆ ಹೊಲಿದು, ಮುಂದಿನ ಗೋಡೆಯನ್ನು ಸರಿಪಡಿಸುವುದು. ಮೂಳೆಗೆ ಮೂಳೆಯನ್ನು ಕಟ್ಟುವುದು ಅಸ್ಥಿರಜ್ಜು. ಎರಡಂಕದ ಪ್ರಶ್ನೆ.

ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ಆಪರೇಷನ್ನಿನ ಹೊತ್ತು ಎಚ್ಚರವಿದ್ದೆ. ಹೇಳುವಂಥದ್ದು ಏನೂ ನಡೆಯಲಿಲ್ಲ. ಮರುದಿನ ಒಳಗಿಟ್ಟ ಬಟ್ಟೆಯ ಪ್ಯಾಕನ್ನು ತೆಗೆದರು, ಆಮೇಲೆ ಮೂತ್ರದ ನಳಿಕೆಯನ್ನು. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆಯೆಂದು ಸ್ಕ್ಯಾನಿನಲ್ಲಿ ನೋಡಿ ಮನೆಗೆ ಕಳಿಸಿದರು. ಬಲಗಡೆಯ ಪೃಷ್ಠದಲ್ಲಿ ಮಾತ್ರ, ಕುಳಿತಾಗಲೆಲ್ಲ ಹಲ್ಲುನೋವಿನಂಥ ಒಂದು ನೋವು. ಹೊಲಿಗೆ ಹಾಕಿದ ಜಾಗದ ಪಕ್ಕದಲ್ಲೇ ನರಗಳಿರುವುದರಿಂದ ಇದು ಹಲವರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಐದನೆಯ ವಾರಕ್ಕೆ ಹೋಯಿತು. ಹೇಳದೇ ಇದ್ದಿದ್ದರೆ ನಾನು ಹೆದರಿ ಸಾಯುತ್ತಿದ್ದೆ.

ಮೂರು ತಿಂಗಳು ಭಾರ ಎತ್ತಬಾರದು ಎಂಬ ಸೂಚನೆಯನ್ನು ನಾನು ಬಾಣಂತನದ ಕಟ್ಟುಪಾಡುಗಳಂತೆ ಕಣ್ಣುಮುಚ್ಚಿ ಒಪ್ಪಲಿಲ್ಲ, ಕಾರಣ ಕೇಳಿದೆ. ಗಾಯ ಮಾಯುವಾಗ ಮೈ ಮೊದಲು ಅವಸರದಲ್ಲಿ ಹೊಸೆಯುವುದು ಆ ಸಪೂರದ ಮೂರನೆಯ ಬಗೆಯ ಕೊಲಾಜೆನನ್ನು. ಅದನ್ನು ಬಿಚ್ಚಿ ಒಂದನೆಯ ಬಗೆಯ ದಪ್ಪ ಹಗ್ಗ ಹಾಕಲು ತಿಂಗಳುಗಳೇ ಬೇಕು. ಚರ್ಮದ ಗಾಯದಲ್ಲಿ ಅಳೆದಿರುವಂತೆ, ಮೂರು ವಾರಕ್ಕೆ ಮೂಲ ಬಲದ ಶೇ 20ರಿಂದ 30, ಮೂರು ತಿಂಗಳಿಗೆ ಶೇ 80ರ ಹತ್ತಿರ. ಅದಕ್ಕಿಂತ ಮೇಲೆ ಅದು ಎಂದೂ ಏರುವುದಿಲ್ಲ. ಹೊಲಿಗೆ ಕರಗಿದರೂ ನೋವು ಹೋದರೂ ಒಳಗಿನ ಹಗ್ಗ ಎಳೆಯದೇ. ಇದು ಗೊತ್ತಾದ ಮೇಲೆ ಗ್ಯಾಸ್ ಸಿಲಿಂಡರನ್ನು ಬಿಡಿ, ಕುಚ್ಚಲಕ್ಕಿಯ ಗಂಜಿ ಬಾಗುವ ದೊಡ್ಡ ಪಾತ್ರೆಯನ್ನೂ ಮುಟ್ಟಲಿಲ್ಲ. ನಮ್ಮವರು ಆ ಮೂರು ತಿಂಗಳಲ್ಲಿ ಗಂಜಿ ಬಾಗುವುದನ್ನು ಕಲಿತರು, ಎರಡು ಸಲ ಕೈ ಸುಟ್ಟುಕೊಂಡರು.

ಅಮ್ಮ ತಮ್ಮನ ಮನೆಯಿಂದ ನನ್ನನ್ನು ನೋಡಿಕೊಳ್ಳಲು ಬಂದದ್ದು ಆಗಲೇ. ಅವರಿಗೆ 83 ವರ್ಷ, ಐದು ಹೆರಿಗೆ, ಐದೂ ಮನೆಯಲ್ಲಿ. ಒಂದು ಮಧ್ಯಾಹ್ನ ನಾನು ಸಂಖ್ಯೆಗಳ ಆ ಚೌಕವನ್ನು ತೋರಿಸಿ ಏನಾಗಿತ್ತೆಂದು ವಿವರಿಸಿದೆ. ವೀಳ್ಯದೆಲೆಯ ನಾರು ತೆಗೆಯುತ್ತ ಕೇಳಿಸಿಕೊಂಡ ಅಮ್ಮ, "ನನಗೆ ನಿನ್ನ ತಮ್ಮ ಹುಟ್ಟಿದಲ್ಲಿಂದ ಉಂಟು" ಎಂದರು. ಐವತ್ತು ವರ್ಷ. ನೇಜಿ ನೆಡಲು ಬಗ್ಗಿದಾಗ, ಹಟ್ಟಿಗೆ ಸೊಪ್ಪಿನ ಹೊರೆ ತಂದಾಗ ಹೊರಬಂದದ್ದನ್ನು ಕೈಯಿಂದ ಒಳಗೆ ಒತ್ತಿ, ಹಳೆಯ ಸೀರೆಯ ಚೂರನ್ನು ಬಿಗಿಯಾಗಿ ಕಟ್ಟಿಕೊಂಡು ಕೆಲಸ ಮಾಡಿದ್ದರಂತೆ.

"ಮತ್ತೆ ಯಾಕೆ ಹೇಳಲಿಲ್ಲ ಅಮ್ಮ?"

"ಯಾರ ಹತ್ತಿರ ಹೇಳುವುದು ಮಾರಾಯ್ತಿ? ನಿನ್ನ ಅಪ್ಪನ ಹತ್ತಿರವಾ?"

ಮೂರು ತಿಂಗಳ ತಪಾಸಣೆಗೆ ನಾನು ಒಬ್ಬಳೇ ಹೋಗಲಿಲ್ಲ. ನನ್ನ ಮುಂದಿನ ಗೋಡೆ ಮೈನಸ್ 2, ತುದಿ ಮೈನಸ್ 7. ಮತ್ತೆ ಇಳಿಯುವುದಿದ್ದರೆ ಮುಂದಿನ ಗೋಡೆಯೇ ಮೊದಲು ಇಳಿಯುವುದೆಂದು ಹೇಳಿ ವರ್ಷಕ್ಕೊಮ್ಮೆ ಬರಲು ಬರೆದರು. ಕುಟುಂಬದ ವಿವರವಿದ್ದ ಜಾಗದಲ್ಲಿ "ತಾಯಿ: ಇಲ್ಲ" ಎಂದಿದ್ದುದನ್ನು ವೈದ್ಯೆಯೇ ಹೊಡೆದುಹಾಕಿ ತಿದ್ದಿದರು. ಅಮ್ಮನಿಗೆ ನಾಲ್ಕನೆಯ ಹಂತ, ಹೃದಯದ ತೊಂದರೆಯಿಂದ ಆಪರೇಷನ್ ಬೇಡವೆಂದು ನಿರ್ಧಾರ. ಎರಡನೆಯ ಪ್ರಯತ್ನಕ್ಕೆ ಒಂದು ರಿಂಗ್ ನಿಂತಿತು. ತಿಂಗಳಿಗೊಮ್ಮೆ ಅದನ್ನು ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಮತ್ತೆ ಹಾಕುವುದನ್ನು ನರ್ಸ್ ನನಗೆ ಕಲಿಸಿದ್ದಾರೆ. ಬೆಂಗಳೂರಿನಲ್ಲಿರುವ ಮಗಳಿಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದೇನೆ. ಅವಳ ಹೆಬ್ಬೆರಳೂ ಮುಂಗೈಗೆ ಮುಟ್ಟುತ್ತದೆ, ಅವಳಿಗೆ ಈಗ ಐದು ತಿಂಗಳು, ಕೆಗೆಲ್ ಶುರು ಮಾಡಿದ್ದಾಳೆ. ರಿಂಗ್ ಹಾಕಿಸಿಕೊಂಡು ಬಂದ ದಿನ ಅಮ್ಮ ಅಂಗಳದಲ್ಲಿ ತುಳಸಿಕಟ್ಟೆಗೆ ಮೂರು ಸುತ್ತು ಬಂದು, ನಿಂತು, ಇನ್ನೂ ಎರಡು ಸುತ್ತು ಬಂದರು.